ಯಾವಾಗಲೂ ಸೋಲುವ ಕಬಡ್ಡಿ ಟೀಮಿನ ನಗೆ ಸಿನಿಮಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗೆಳೆಯರೆಲ್ಲ ಸೇರಿ, ಕೈಯಲ್ಲಿರುವ ಮೊಬೈಲಿನಲ್ಲೇ, ಆಟದ ಮೇಲೊಂದು ನಗೆ ಸಿನಿಮಾ ತೆಗೆಯುವ ಬಗ್ಗೆ ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾವು ಸೇಡಂ ಕಡೆಯವರು, ಹತ್ತು ಮಂದಿ ಗೆಳೆಯರು. ಯಾವಾಗಲೂ ಸೋಲೋ ಕಬಡ್ಡಿ ಟೀಮಿನ ಮ್ಯಾಲ ಹನ್ನೆರಡು ನಿಮಿಷದ ಕಾಮಿಡಿ ಮಾಡ್ಬೇಕಂತ ಮಾಡೀವಿ. ಕಥಿ ಬರದೀವಿ, ಡೈಲಾಗೂ ಆಗ್ಯಾವ. ಮ್ಯಾಚಿನ ಜಾಗದಾಗ ಮಾತ್ರ "ಇಲ್ಲಿ ಮ್ಯಾಚ್ ನಡೀತದ" ಅಂತ ಒಂದು ಸಾಲು ಬರದು ಬಿಟ್ಟೀವಿ. ಶೂಟಿಂಗ್ ಶುರು ಮಾಡ್ಬಹುದೇನ್ರಿ?

ಉತ್ತರ: ಈಗಲೇ ಬೇಡ. ಆ ಒಂದು ಸಾಲೇ ನಿಮ್ಮ ಸಿನಿಮಾದ ಮೂರರಲ್ಲೊಂದು ಪಾಲು. ಸ್ಕ್ರಿಪ್ಟಿನ ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಮಾತಿನ ದೃಶ್ಯಕ್ಕೆ ಹೊಂದುತ್ತದೆ, ಆಟಕ್ಕೆ ಹೊಂದುವುದಿಲ್ಲ. ಆಟದ ಸಿನಿಮಾಗಳು ನಡುವೆ ನಿಂತುಹೋಗುವುದು ಹೆಚ್ಚಾಗಿ ಇಲ್ಲೇ. ಮೈದಾನಕ್ಕೆ ಇಳಿದ ಮೇಲೆ ಯಾರು ಯಾರನ್ನು ಮುಟ್ಟಿದರು, ಸ್ಕೋರ್ ಎಷ್ಟಾಯಿತು ಎಂದು ಜಗಳ ಶುರುವಾಗುತ್ತದೆ, ಬಿಸಿಲು ಏರುತ್ತದೆ, ಎದುರು ಟೀಮಿನವರು ಮನೆಗೆ ಹೋಗುತ್ತಾರೆ.

ಮೊದಲು ಬರೆಯಬೇಕಾದದ್ದು ಸ್ಕೋರ್ ಪುಸ್ತಕ. ಗಂಡಸರ ಪೂರ್ತಿ ಪಂದ್ಯ 20 ನಿಮಿಷದ ಎರಡು ಅರ್ಧ. ನಿಮಗೆ ಬೇಕಾದದ್ದು ತೆರೆಯ ಮೇಲೆ ನಾಲ್ಕು ನಿಮಿಷ. ಹಾಗಾಗಿ ಕೊನೆಯ ಐದು ರೈಡ್ (ಒಬ್ಬ ಆಟಗಾರ ಎದುರು ಅಂಕಣಕ್ಕೆ ನುಗ್ಗುವ ಸರದಿ) ಮಾತ್ರ ತೋರಿಸಿ, ಹಿಂದಿನದನ್ನು ಸ್ಕೋರ್ ಬೋರ್ಡ್ ಹೇಳಲಿ. ಒಂದು ರೈಡಿಗೆ ನಿಯಮದ ಪ್ರಕಾರ 30 ಸೆಕೆಂಡ್. ಐದಕ್ಕೆ ಎರಡೂವರೆ ನಿಮಿಷ, ಮುಖಭಾವಗಳು ಸೇರಿ ನಾಲ್ಕಾಗುತ್ತದೆ.

ಉದಾಹರಣೆಗೆ ಹೀಗೆ ಕಟ್ಟಬಹುದು. ನಿಮ್ಮ ಟೀಮ್ ಈಗಷ್ಟೇ ಆಲ್ ಔಟ್ ಆಗಿ ಎದುರಾಳಿಗೆ ಲೋನಾದ (ಇಡೀ ಟೀಮನ್ನು ಔಟ್ ಮಾಡಿದ್ದಕ್ಕೆ ಸಿಗುವ ಹೆಚ್ಚುವರಿ) 2 ಪಾಯಿಂಟ್ ಹೋಗಿದೆ. ಏಳೂ ಜನ ಮತ್ತೆ ಅಂಕಣದಲ್ಲಿದ್ದಾರೆ, ಸ್ಕೋರ್ 18–21. ಮೊದಲ ರೈಡಿಗೆ ಹೋದ ನಿಮ್ಮ ಪುಕ್ಕಲ ಬಾಕ್ ಲೈನ್ (ಎದುರು ಅಂಕಣದಲ್ಲಿ ರೈಡರ್ ದಾಟಲೇಬೇಕಾದ ಗೆರೆ) ದಾಟದೇ, ಯಾರನ್ನೂ ಮುಟ್ಟದೇ ಓಡಿ ಬರುತ್ತಾನೆ. ನಿಯಮದಂತೆ ಅವನೇ ಔಟ್, 18–22. ಎರಡನೆಯದಕ್ಕೆ ಎದುರಾಳಿಯ ಧಿಮಾಕಿನ ರೈಡರ್ ಗೆರೆಯಾಚೆ ಕಾಲಿಟ್ಟು ಔಟ್, 19–22, ಪುಕ್ಕಲನಿಗೆ ಮರುಜೀವ. ಮೂರನೆಯದಕ್ಕೆ ನಿಮ್ಮವನೊಬ್ಬ ಬಾಕ್ ಲೈನಿನ ಆಚೆಗಿನ ಬೋನಸ್ ಗೆರೆ ದಾಟಿದ ಖುಷಿಗೆ ಅಲ್ಲೇ ನಿಂತು ಕೈ ಎತ್ತುತ್ತಾನೆ, ಹಿಂದಿನಿಂದ ಹಿಡಿಯುತ್ತಾರೆ. ಬೋನಸ್ ಪಾಯಿಂಟೂ ಸಿಕ್ಕಿತು, ಔಟೂ ಆಯಿತು: 20–23. ನಾಲ್ಕನೆಯದಕ್ಕೆ ನೀವು ಹಿಡಿದಿರಿ, 21–23. ಐದನೆಯದಕ್ಕೆ ಮತ್ತೆ ಪುಕ್ಕಲ. ಹೆದರಿ ಓಡುವಾಗಲೇ ಇಬ್ಬರಿಗೆ ಕೈ ತಾಗಿ 23–23. ಪಂದ್ಯ ಸಮ. ಗೆದ್ದವರಂತೆ ಊರೆಲ್ಲ ಮೆರವಣಿಗೆ.

ಈ ಲೆಕ್ಕ ಕಾಗದದ ಮೇಲೆ ಕೂಡಬೇಕು. ಮೊದಲೇ ಇಬ್ಬರು ಔಟಾಗಿ ಕೂತಿದ್ದಾರೆ ಎಂದು ಬರೆದಿದ್ದರೆ ಕಥೆ ಕೆಡುತ್ತಿತ್ತು. ಔಟಾದ ಕ್ರಮದಲ್ಲೇ ಆಟಗಾರರು ಒಳಗೆ ಬರುವುದರಿಂದ ಐದನೇ ರೈಡಿನ ಹೊತ್ತಿಗೆ ಪುಕ್ಕಲ ಇನ್ನೂ ಹೊರಗೇ ಕೂತಿರುತ್ತಿದ್ದ. ಬೋನಸ್ಸಿಗೂ ಹಾಗೆಯೇ, ಎದುರು ಅಂಕಣದಲ್ಲಿ ಕನಿಷ್ಠ ಆರು ಜನ ಇರಬೇಕು. ನಮ್ಮ ಕಡೆ ಕಬಡ್ಡಿ ಗೊತ್ತಿರುವ ಜನ ಬಹಳ. ಲೆಕ್ಕ ತಪ್ಪಿದರೆ ಅವರು ನಗುವುದು ನಿಮ್ಮ ಜೋಕಿಗಲ್ಲ.

ಇನ್ನೊಂದು ಮಾತು. ಯಾವ ನಿಯಮದ ಮೇಲೆ ಜೋಕ್ ನಿಂತಿದೆಯೋ ಆ ನಿಯಮವನ್ನು ಮೊದಲೇ ಒಮ್ಮೆ ತೋರಿಸಿರಬೇಕು. ಪ್ರಾಕ್ಟೀಸಿನ ದೃಶ್ಯದಲ್ಲಿ ಕೋಚ್ ಕಾಕಾ "ಲೇ, ಆ ಗೆರಿ ದಾಟಲಿಲ್ಲಂದ್ರ ನೀನೇ ಔಟ್ ನೋಡು" ಎಂದು ಬೈದರೆ ಸಾಕು, ಮ್ಯಾಚಿನಲ್ಲಿ ವಿವರಣೆ ಬೇಕಿಲ್ಲ.

ಪುಸ್ತಕ ಮುಗಿದ ಮೇಲೆ ಪ್ರತಿ ರೈಡನ್ನು ಶಾಟ್‌ಗಳಾಗಿ ಒಡೆಯಿರಿ. ಮೊದಲು ದೂರದಿಂದ ಇಡೀ ರೈಡ್ ಒಂದೇ ಶಾಟಿನಲ್ಲಿ. ಆಮೇಲೆ ರೈಡರ್‌ನ ಕಾಲು, ಗೆರೆ, ಹಿಡಿಯುವವನ ಕಣ್ಣು, ಅಂಪೈರ್, ಹೊರಗೆ ಕೂತವರು, ಸ್ಕೋರ್ ಬೋರ್ಡ್. ರೈಡಿಗೆ ಹತ್ತು-ಹನ್ನೆರಡು ಶಾಟ್ ಎಂದರೆ ಒಟ್ಟು ಅರವತ್ತರ ಹತ್ತಿರ. ಹೊಸಬರಿಗೆ ಒಂದು ಬೆಳಗಿನ ಮೂರು ತಾಸಿನಲ್ಲಿ 12–15 ಶಾಟ್ ಆದರೆ ಚಲೋ ಕೆಲಸ. ಅಂದರೆ ಮ್ಯಾಚಿಗೇ ನಾಲ್ಕೈದು ಬೆಳಗು. ಹತ್ತು ಜನರಲ್ಲಿ ಏಳು ಆಟಕ್ಕೆ, ಒಬ್ಬರು ಕ್ಯಾಮೆರಾಕ್ಕೆ, ಒಬ್ಬರು ಧ್ವನಿಗೆ, ಒಬ್ಬರು ಪುಸ್ತಕ ಹಿಡಿದು ಸ್ಕೋರು, ಬೆವರು, ಮಣ್ಣಿನ ಕಲೆ ನೋಡಿಕೊಳ್ಳಲು. ಎದುರಾಳಿಗೆ ನಿಜವಾಗಿ ಆಡುವ ಏಳು ಜನರನ್ನು ಊರ ಟೀಮಿನಿಂದ ಕೇಳಿ ತನ್ನಿ. ಅವರನ್ನು ಐದೂ ದಿನ ಹಿಡಿದಿಡಲು ಆಗುವುದಿಲ್ಲ. ಎಲ್ಲರೂ ಬೇಕಾದ ದೂರದ ಶಾಟ್‌ಗಳನ್ನು ಮೊದಲ ಎರಡು ಬೆಳಗಿನಲ್ಲೇ ಮುಗಿಸಿ, ಮುಖ ಮತ್ತು ಕಾಲುಗಳನ್ನು ಆಮೇಲೆ ಇಬ್ಬರು ಮೂವರಲ್ಲೇ ತೆಗೆಯಬಹುದು. ಜರ್ಸಿ ತಲೆಗೆ ಎರಡು ಇರಲಿ, ಒಂದು ಮಣ್ಣಾದದ್ದು, ಒಂದು ಸ್ವಚ್ಛವಾದದ್ದು.

ಪ್ರಶ್ನೆ: ಕಬಡ್ಡಿ ಯಾಕ, ಟೆನಿಸ್ ಬಾಲ್ ಕ್ರಿಕೆಟ್ ಮಾಡ್ರಿ ಅಂತಾರ ಗೆಳೆಯರು. ಯಾವುದು ಸಲೀಸು? (ಆಳಂದ)

ಉತ್ತರ: ಕಬಡ್ಡಿಯೇ. ಕ್ರಿಕೆಟ್ಟಿಗೆ ಹದಿಮೂರು ಆಟಗಾರರು ಚದುರಿ ನಿಲ್ಲುತ್ತಾರೆ, ಮೈದಾನ ಖಾಲಿ ಕಾಣುತ್ತದೆ, ಮೊಬೈಲಿನಲ್ಲಿ ಚೆಂಡು ಕಣ್ಣಿಗೆ ಬೀಳುವುದಿಲ್ಲ. ಹಟ ಬಿಡದಿದ್ದರೆ ಚೆಂಡು ತೋರಿಸುವ ಗೋಜಿಗೇ ಹೋಗಬೇಡಿ. ಬ್ಯಾಟಿನ ಸದ್ದು, ಆಮೇಲೆ ಎಲ್ಲರ ಕತ್ತು ಒಟ್ಟಿಗೆ ಒಂದೇ ಕಡೆ ತಿರುಗುವುದು, ಇಷ್ಟರಲ್ಲಿ ಸಿಕ್ಸರ್ ಆಗಿಹೋಗುತ್ತದೆ. ಜಾತ್ರೆಯ ಕುಸ್ತಿಯೂ ಒಳ್ಳೆಯ ವಸ್ತು, ಇಬ್ಬರೇ ಸಾಕು. ಆದರೆ ಕುಸ್ತಿ ಬಾರದವರು ಕುಸ್ತಿಯ ನಟನೆ ಮಾಡುವುದು ಕುತ್ತಿಗೆಗೆ ಅಪಾಯ.

ಪ್ರಶ್ನೆ: ಕಲಬುರಗಿ ಬಿಸಿಲಿನಾಗ ಮೊಬೈಲ್ ಕಾಯ್ದು ತಾನಾಗೇ ಬಂದ್ ಆಗ್ತದ. ವಿಡಿಯೋ ಬೆಳ್ಳಗ ಬರ್ತದ. ಕ್ಯಾಮೆರಾ ಎಲ್ಲಿ ಇಡಬೇಕು?

ಉತ್ತರ: ಮೊದಲು ತಿಂಗಳು ಆರಿಸಿ. ನವೆಂಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ. ಏಪ್ರಿಲ್–ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಐಫೋನಿನ ತಯಾರಕರೇ ಹೇಳುವ ಮಿತಿ ಹೊರಗಿನ ಉಷ್ಣತೆ 0ರಿಂದ 35 ಡಿಗ್ರಿ. ಚಳಿಗಾಲದಲ್ಲೂ ಫೋನಿನ ಕವರ್ ತೆಗೆದಿಡಿ, ಪರದೆಯ ಬೆಳಕು ಕಡಿಮೆ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಶಾಟ್ ನಡುವೆ ನೆರಳಿನಲ್ಲಿ ಬಿಳಿ ಬಟ್ಟೆಯ ಕೆಳಗಿಡಿ. ಚಾರ್ಜ್ ಮಾಡುತ್ತಾ ಶೂಟ್ ಮಾಡಿದರೆ ಇನ್ನಷ್ಟು ಕಾಯುತ್ತದೆ. ಕಾದ ಫೋನನ್ನು ಫ್ರಿಜ್ಜಿನಲ್ಲೋ ಐಸಿನ ಮೇಲೋ ಇಡುವವರಿದ್ದಾರೆ. ಒಳಗೆ ನೀರಿನ ಹನಿ ಕೂಡಿ ಫೋನೇ ಹೋಗುತ್ತದೆ.

ಇನ್ನು ಜಾಗ. ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಉದ್ದವನ್ನು ಪೂರ್ವ–ಪಶ್ಚಿಮಕ್ಕೆ ಹಾಕಿ, ಕ್ಯಾಮೆರಾವನ್ನು ದಕ್ಷಿಣದ ಬದಿಗೆ ಉತ್ತರಮುಖವಾಗಿ ಇಡಿ. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೂ ದಕ್ಷಿಣದ ಕಡೆಯೇ ವಾಲಿರುತ್ತಾನೆ, ಹಾಗಾಗಿ ಲೆನ್ಸಿಗೆ ಎದುರು ಬರುವುದೇ ಇಲ್ಲ. ಮೊಬೈಲಿನ ಮುಖ್ಯ ಲೆನ್ಸಿನಲ್ಲಿ ಅಂಕಣದ ಪೂರ್ತಿ ಉದ್ದ ಹಿಡಿಯಲು ಪಕ್ಕದ ಗೆರೆಯಿಂದ ಸುಮಾರು 12 ಮೀಟರ್ ಹಿಂದೆ ಹೋಗಬೇಕು. ಎತ್ತರ ಎರಡು-ಮೂರು ಮೀಟರ್ ಇದ್ದರೆ ಗೆರೆಗಳು ಕಾಣುತ್ತವೆ. ನಿಲ್ಲಿಸಿದ ಟ್ರ್ಯಾಕ್ಟರ್ ಟ್ರಾಲಿ ಇದಕ್ಕೆ ಸರಿಯಾದ ವಸ್ತು. ಬೆಳಗ್ಗೆ ಟ್ರಾಲಿಯ ನೆರಳು ಚೌಕಟ್ಟಿನೊಳಗೆ ಬೀಳುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಎಷ್ಟು ಹತ್ತಿರ ಹೋದರೂ ಕ್ಯಾಮೆರಾ ಅದೇ ದಕ್ಷಿಣದ ಬದಿಯಲ್ಲೇ ಇರಬೇಕು. ಉತ್ತರಕ್ಕೆ ದಾಟಿದರೆ ಎಡಕ್ಕಿದ್ದ ನಿಮ್ಮ ಟೀಮ್ ತಟ್ಟನೆ ಬಲಕ್ಕೆ ಹೋಗಿ, ಯಾರು ಯಾರ ಮೇಲೆ ರೈಡ್ ಹೋದರೆಂದು ನೋಡುವವರಿಗೆ ತಿಳಿಯುವುದಿಲ್ಲ. ಬೆಳಗಿನ ನೆರಳು ಚೌಕಟ್ಟಿನಲ್ಲಿ ಎಡಕ್ಕೆ, ಸಂಜೆಯದು ಬಲಕ್ಕೆ. ಎರಡನ್ನೂ ಒಂದೇ ಮ್ಯಾಚಿನಲ್ಲಿ ಬೆರೆಸಿದರೆ ನೆರಳು ಕುಣಿಯುತ್ತದೆ. ಮ್ಯಾಚು ಪೂರ್ತಿ ಬೆಳಗಿನದು, ಮಾತಿನ ದೃಶ್ಯಗಳು ಸಂಜೆಯವು ಎಂದು ಹಂಚಿಕೊಳ್ಳಿ. ಜನವರಿಯಲ್ಲಿ ಸೂರ್ಯ 7ರ ಹತ್ತಿರ ಬರುತ್ತಾನೆ. ಕೆಲಸ ಏಳೂವರೆಯಿಂದ ಹತ್ತೂವರೆವರೆಗೆ.

ಬೆಳ್ಳಗಾಗುವುದಕ್ಕೆ ಕಾರಣ ಆಟೋ ಎಕ್ಸ್‌ಪೋಶರ್, ಅಂದರೆ ಎಷ್ಟು ಬೆಳಕು ಬೇಕೆಂದು ಫೋನೇ ತೀರ್ಮಾನಿಸುವುದು. ಬಿಳಿ ಜರ್ಸಿ ಬೇಡ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಐಎಸ್ಒ (ಬೆಳಕಿನ ಸೂಕ್ಷ್ಮತೆ) ಎಲ್ಲಕ್ಕಿಂತ ಕಡಿಮೆ, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ ಪಾಲಿನಲ್ಲಿ) ಆಟಕ್ಕೆ 1/100ರಿಂದ 1/200, ಮಾತಿಗೆ 1/50 ಇಟ್ಟು ಲಾಕ್ ಮಾಡಿ. ಸುಡುಬಿಸಿಲಿನಲ್ಲಿ ಈ ಶಟರ್ ಸಿಗಬೇಕಾದರೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು, 32 ಅಥವಾ 64ರದ್ದು. ರಾತ್ರಿ ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ತೆಗೆಯುವಾಗ 1/50 ಅಥವಾ 1/100 ಬಿಟ್ಟು ಬೇರೆ ಇಟ್ಟರೆ ಚಿತ್ರ ಮಿಣುಕುತ್ತದೆ, ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ. 4ಕೆ ವಿಡಿಯೋ ನಿಮಿಷಕ್ಕೆ 170ರಿಂದ 350 ಎಂಬಿ ನುಂಗುತ್ತದೆ. ಎರಡು ತಾಸಿನ ವಿಡಿಯೋಗೆ 42 ಜಿಬಿ ತನಕ ಖಾಲಿ ಜಾಗ ಇರಲಿ. ಅದೇ ದಿನ ಎರಡು ಕಡೆ ಕಾಪಿ ಆಗುವವರೆಗೆ ಫೋನಿನಿಂದ ಏನನ್ನೂ ಅಳಿಸಬೇಡಿ.

ಪ್ರಶ್ನೆ: ಬೀಳೋದು, ಹಿಡಿಯೋದು ಖರೇ ಖರೇ ಮಾಡ್ಬೇಕೋ, ಆ್ಯಕ್ಟಿಂಗ್ ಮಾಡ್ಬೇಕೋ? (ಹುಮನಾಬಾದ)

ಉತ್ತರ: ಹಿಡಿತವನ್ನು ನಟಿಸಿ, ಬೀಳುವುದಕ್ಕೆ ನೆಲ ಮೆತ್ತಗೆ ಮಾಡಿ. ಒಣಗಿದ ಎರೆ ನೆಲ ಬಿರುಕು ಬಿಟ್ಟು ಕಲ್ಲಿನಂತಿರುತ್ತದೆ, ಹಸಿಯಾದರೆ ಕಾಲಿಗೆ ಮೆತ್ತಿ ಯಾರನ್ನೂ ಓಡಗೊಡುವುದಿಲ್ಲ. ಬೀಳುವ ಒಂದು ಜಾಗವನ್ನಷ್ಟೇ, ಸುಮಾರು ಎರಡು ಮೀಟರ್ ಚೌಕ, ಒಂದು ಗೇಣು ಅಗೆದು ಜರಡಿ ಹಿಡಿದ ಮಣ್ಣು ಮತ್ತು ಮರದ ಹೊಟ್ಟು ಬೆರೆಸಿ ತುಂಬಿ. ಬೀಳುವುದು ಅಲ್ಲೇ ಎಂದು ಗುರುತು ಹಾಕಿ. ಹಿಂದಿನ ರಾತ್ರಿ ನೀರು ಚಿಮುಕಿಸಿದರೆ ಧೂಳು ಕುಂದುತ್ತದೆ. ಗೆರೆಗೆ ಸುಣ್ಣದ ಪುಡಿ ಬೇಡವೇ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು. ಲಾಬಿ (ಅಂಕಣದ ಎರಡೂ ಬದಿಯ ಪಟ್ಟಿ), ಬಾಕ್ ಲೈನ್, ಬೋನಸ್ ಲೈನ್ ಎಲ್ಲ ಸೇರಿ ಎಳೆಯಬೇಕಾದ ಗೆರೆ 114 ಮೀಟರ್ ಆಗುತ್ತದೆ, ಪ್ರತಿ ಎರಡು-ಮೂರು ಶಾಟಿಗೆ ಅಳಿಸಿಹೋದದ್ದನ್ನು ತಿದ್ದಬೇಕು. ಪುಡಿ ಧಾರಾಳವಾಗಿ ತನ್ನಿ.

ಒಬ್ಬನನ್ನು ನಾಲ್ವರು ಎತ್ತುವ ಶಾಟ್ ಇದ್ದರೆ ಸೊಂಟ ಮತ್ತು ತೊಡೆಯಲ್ಲಿ ಹಿಡಿಯಿರಿ. ಪಾದದ ಕೀಲು, ಕುತ್ತಿಗೆ ಬೇಡ. ವೇಗ ಅರ್ಧಕ್ಕಿಳಿಸಿ ಮೂರು ಸಲ ಅಭ್ಯಾಸ ಮಾಡಿ ಆಮೇಲೆ ಶೂಟ್ ಮಾಡಿ. ಉಂಗುರ, ಕೊರಳ ಸರ, ಕಡಗ ತೆಗೆಸಿಡಿ. ನೀರು ಬೆಳಗ್ಗೆಗೆ ತಲೆಗೆ ಎರಡು ಲೀಟರ್. ಜೊತೆಗೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಕೈಯಳತೆಗೆ ಹಾಕಬೇಡಿ.

ಪ್ರಶ್ನೆ: ನಮ್ಮ ವಿಡಿಯೋದಾಗ ಗಾಳಿ ಸದ್ದು ಬಿಟ್ರ ಏನೂ ಕೇಳ್ಸಂಗಿಲ್ಲ. ಆಮ್ಯಾಲ ಡಬ್ಬಿಂಗ್ ಮಾಡಿದ್ರ ಆಗ್ತದೇನ್ರಿ? (ಯಾದಗಿರಿ)

ಉತ್ತರ: ಹನ್ನೆರಡು ನಿಮಿಷ ಡಬ್ಬಿಂಗ್ ಎಂದರೆ ಹೊಸ ನಟರಿಗೆ ಶಿಕ್ಷೆ, ತುಟಿ ಕೂಡುವುದಿಲ್ಲ, ನಗೆಯ ಕಾಲ ತಪ್ಪುತ್ತದೆ. ಸ್ಥಳದಲ್ಲೇ ಚೆನ್ನಾಗಿ ತೆಗೆಯುವುದು ಅಗ್ಗ. ಅತಿ ಸುಲಭದ ದಾರಿ, ಮಾತಾಡುವವನ ಅಂಗಿಯ ಜೇಬಿನಲ್ಲಿ ಇನ್ನೊಂದು ಫೋನ್ ಇಟ್ಟು ರೆಕಾರ್ಡರ್ ಆ್ಯಪ್ ಓಡಿಸುವುದು. ಕಾಲರ್ ಮೈಕ್ ಇದ್ದರೆ ಅದಕ್ಕೆ ತುಪ್ಪಳದ ಟೊಪ್ಪಿಗೆ ಬೇಕೇ ಬೇಕು, ಬರೀ ಸ್ಪಂಜು ಬಯಲ ಗಾಳಿಗೆ ತಡೆಯುವುದಿಲ್ಲ. ಮಾತಿನ ಮಟ್ಟ ಧ್ವನಿ ಮೀಟರಿನಲ್ಲಿ -12 ಡೆಸಿಬೆಲ್ ಆಸುಪಾಸು ಇರಲಿ. ಪ್ರತಿ ಶಾಟಿನ ಮೊದಲು ಕ್ಯಾಮೆರಾ ಎದುರು ಒಮ್ಮೆ ಚಪ್ಪಾಳೆ ಹೊಡೆಯಿರಿ, ಧ್ವನಿ ಮತ್ತು ಚಿತ್ರ ಜೋಡಿಸಲು ಅದೇ ಗುರುತು.

ಮ್ಯಾಚಿನಲ್ಲಿ ಲೆಕ್ಕ ಬೇರೆ. ಅಲ್ಲಿ ಬಹುತೇಕ ಎಲ್ಲವನ್ನೂ ಪ್ರತ್ಯೇಕ ತೆಗೆಯಿರಿ. ರೈಡರ್‌ನ "ಕಬಡ್ಡಿ ಕಬಡ್ಡಿ"ಯನ್ನು 30 ಸೆಕೆಂಡ್ ಬಿಡದೇ, ಅಲ್ಲಲ್ಲೇ ಓಡಿಸಿ ಏದುಸಿರು ತರಿಸಿ ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಅದನ್ನು ಇಡೀ ರೈಡಿನ ಕೆಳಗೆ ಹಾಸಿದರೆ, ಬೇರೆ ಬೇರೆ ದಿನ ತೆಗೆದ ಹನ್ನೆರಡು ಶಾಟೂ ಒಂದೇ ಉಸಿರಿನಂತೆ ಕೂಡಿಕೊಳ್ಳುತ್ತವೆ. ಕಬಡ್ಡಿಯನ್ನು ಆರಿಸಲು ನಮಗೆ ಇದೊಂದೇ ಕಾರಣ ಸಾಕಿತ್ತು. ಸೀಟಿಯ ಸದ್ದು ಹತ್ತಿರದಿಂದ ಒಡೆದುಹೋಗುತ್ತದೆ, ಹತ್ತು ಹೆಜ್ಜೆ ದೂರ ನಿಂತು ಬೇರೆಯಾಗಿ ತೆಗೆಯಿರಿ. ಜನರ ಗದ್ದಲಕ್ಕೆ ಹದಿನೈದು ಜನ ಸಾಕು: ಮೂರು ಕಡೆ ನಿಲ್ಲಿಸಿ ಮೂರು ಸಲ ಕೂಗಿಸಿ, ಮೇಲಿಂದ ಮೇಲೆ ಹಾಸಿ. ಸುಮ್ಮನೆ ಬಯಲಿನ ಮೌನವನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ. ಮಾತಿನ ತುಂಡುಗಳ ನಡುವಿನ ಕಂದಕ ತುಂಬಲು ಬೇಕು.

ಧ್ವನಿ ಮೊದಲು ಸರಿಯಿದ್ದು ಬರುಬರುತ್ತಾ ತುಟಿಯಿಂದ ಹಿಂದೆ ಬೀಳುತ್ತಿದ್ದರೆ ಮೈಕಿನ ತಪ್ಪಲ್ಲ. ಫೋನಿನ ಸ್ವಂತ ಕ್ಯಾಮೆರಾ ಫ್ರೇಮ್‌ಗಳನ್ನು ಏರುಪೇರಾಗಿ ಬರೆಯುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಪರಿವರ್ತಿಸಿ, ಆಮೇಲೆ ಎಡಿಟ್ ಮಾಡಿ.

ಪ್ರಶ್ನೆ: ಬೀದರ ಕೋಟೆಯಲ್ಲಿ ಟೀಮಿನ ಓಟದ ದೃಶ್ಯ, ಮೇಲಿಂದ ಡ್ರೋನ್ ಶಾಟ್. ಯಾರನ್ನು ಕೇಳಬೇಕು?

ಉತ್ತರ: ಎರಡನ್ನೂ ಬಿಡಿ ಎನ್ನುವುದು ನಮ್ಮ ಸಲಹೆ. ಬೀದರ ಕೋಟೆಯಾಗಲಿ ಕಲಬುರಗಿ ಕೋಟೆಯಾಗಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಸಿನಿಮಾ ಚಿತ್ರೀಕರಣಕ್ಕೆ ಇಲಾಖೆಯ ಮುಂಗಡ ಅನುಮತಿ ಬೇಕು. ಬೀದರದಲ್ಲಿ ವಾಯುಪಡೆಯ ನೆಲೆ ಇದೆ, ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣ. 2021ರ ಡ್ರೋನ್ ನಿಯಮಗಳಂತೆ ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಹಾರಾಟ ನಿರ್ಬಂಧಿಸಿದ ಕೆಂಪು, ಹಳದಿ ವಲಯ ನೋಡದೇ ಹಾರಿಸುವಂತಿಲ್ಲ. ಓಟಕ್ಕೆ ತೊಗರಿ ಹೊಲದ ನಡುವಿನ ಬಂಡಿ ದಾರಿ ಸಾಕು, ಡಿಸೆಂಬರಿನಲ್ಲಿ ಬೆಳೆ ಎದೆಮಟ್ಟ ಇರುತ್ತದೆ. ಬರೀ ತಲೆಗಳು ಓಡುವುದು ಕೋಟೆಗಿಂತ ಹೆಚ್ಚು ನಗು ತರಿಸುತ್ತದೆ. ಶಾಲೆಯ ಮೈದಾನಕ್ಕೆ ಮುಖ್ಯಗುರುಗಳ, ಜಿಲ್ಲಾ ಕ್ರೀಡಾಂಗಣಕ್ಕೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಹದಿನೆಂಟರೊಳಗಿನ ಹುಡುಗರಿದ್ದರೆ ತಂದೆ-ತಾಯಿಯ ಸಹಿ.

ಪ್ರಶ್ನೆ: ಬರೆಯುವಾಗ ಹೊಟ್ಟೆ ಹಿಡಿದು ನಕ್ಕೆವು. ಎಡಿಟ್ ಮಾಡಿ ನೋಡಿದರೆ ಯಾರಿಗೂ ನಗು ಬರುತ್ತಿಲ್ಲ. ಎಲ್ಲಿ ತಪ್ಪಿತು? (ಶಹಾಪುರ)

ಉತ್ತರ: ಕಾರಣಗಳು ಬಹುಶಃ ಈ ನಾಲ್ಕರೊಳಗೇ ಇವೆ. ಒಂದು, ನಟರಿಗೆ ಇದು ಜೋಕೆಂದು ಗೊತ್ತಿರುವುದು ಮುಖದಲ್ಲಿ ಕಾಣುತ್ತದೆ. ಸೋಲುವ ಟೀಮಿನ ನಾಯಕ ಗಂಭೀರವಾಗಿ, ಬೋರ್ಡಿನ ಮೇಲೆ ಬಾಣದ ಗುರುತು ಬರೆದು ತಂತ್ರ ವಿವರಿಸಬೇಕು. ಅವನು ನಕ್ಕರೆ ನೋಡುವವರಿಗೆ ನಗಲು ಏನೂ ಉಳಿಯುವುದಿಲ್ಲ. ಎರಡು, ಬೀಳುವ ಕ್ಷಣಕ್ಕೆ ಸರಿಯಾಗಿ ಮುಖದ ಹತ್ತಿರದ ಶಾಟಿಗೆ ಕತ್ತರಿಸಿರುತ್ತೀರಿ. ಬೀಳುವ ಕಾರಣವೂ ಬಿದ್ದದ್ದೂ ಒಂದೇ ಚೌಕಟ್ಟಿನಲ್ಲಿ, ದೂರದಿಂದ, ಕತ್ತರಿಯಿಲ್ಲದೇ ಕಾಣಬೇಕು. ಆಮೇಲೆ ಪಕ್ಕದವನ ಮುಖ. ಬಿದ್ದವನ ಮುಖಕ್ಕಿಂತ ಅದನ್ನು ನೋಡಿದ ಅಂಪೈರನ ಮುಖಕ್ಕೆ ನಗು ಹೆಚ್ಚು. ಮೂರು, ಜೋಕ್ ಆದ ಕೂಡಲೇ ಮುಂದಿನ ಮಾತು ಬಂದುಬಿಡುತ್ತದೆ. ಶೂಟ್ ಮಾಡುವಾಗ ಪ್ರತಿ ಶಾಟಿನ ಕೊನೆಗೆ ಮೂರು ಸೆಕೆಂಡ್ ಕ್ಯಾಮೆರಾ ಸುಮ್ಮನೆ ಓಡಲಿ, ಎಡಿಟಿನಲ್ಲಿ ಅಷ್ಟು ಸಾವಕಾಶ ಸಿಗುತ್ತದೆ. ನಾಲ್ಕು, ನಿಮ್ಮ ಬಳಗದವರಿಗಷ್ಟೇ ಗೊತ್ತಿರುವ ಜೋಕುಗಳು. ಇದನ್ನು ಶೂಟಿಂಗಿಗೆ ಮೊದಲೇ ಹಿಡಿಯಬಹುದಿತ್ತು: ಹೊರಗಿನ ಮೂವರನ್ನು ಕೂರಿಸಿ ಸ್ಕ್ರಿಪ್ಟ್ ಓದಿ, ನಕ್ಕಲ್ಲಿ ಗೀಟು ಹಾಕಬೇಕು. ಗೀಟಿಲ್ಲದ ಪುಟ ಕೈಬಿಡಬೇಕು.

ಈಗ ಕೈಯಲ್ಲಿರುವ ಸಾಮಾನನ್ನು ಉಳಿಸಲು ಒಂದು ಉಪಾಯವಿದೆ: ಮೈಕ್ ಹಿಡಿದ ಕಾಮೆಂಟ್ರಿ ಕಾಕಾ. ನಮ್ಮ ಕಡೆಯ ಟೂರ್ನಮೆಂಟಿನಲ್ಲಿ ಅವರಿಲ್ಲದೇ ಆಟ ನಡೆಯುವುದಿಲ್ಲ. ಕನ್ನಡ, ದಖ್ಖನಿ ಬೆರೆಸಿ, ನಡುವೆ "ನೀಲಿ ಬಣ್ಣದ ಸೈಕಲ್ ಯಾರದದ, ದಾರಿ ಬಿಟ್ಟು ನಿಲ್ಲಸ್ರಿ" ಎಂದೂ ಕೂಗುವವರು. ಅವರ ಧ್ವನಿಯನ್ನು ಎಡಿಟ್ ಮುಗಿದ ಮೇಲೆ ಹಾಕಬಹುದು, ತುಟಿ ಕೂಡಿಸುವ ತೊಂದರೆ ಇಲ್ಲ. ತೆಗೆಯಲು ಮರೆತ ಶಾಟು, ಅರ್ಥವಾಗದ ಸ್ಕೋರು ಎರಡನ್ನೂ ಅವರು ಮುಚ್ಚುತ್ತಾರೆ. ಆರೇಳು ಕಡೆ ಸಾಕು; ಉದ್ದಕ್ಕೂ ಮಾತಾಡಿಸಿದರೆ ರೇಡಿಯೋ ಆಗುತ್ತದೆ. ಒಬ್ಬನ ದಪ್ಪ ಮೈ, ಬಣ್ಣ, ತೊದಲು ಇವುಗಳ ಮೇಲೆ ಜೋಕ್ ಕಟ್ಟಿದ್ದರೆ ಅದನ್ನು ಕಾಕಾನೂ ಉಳಿಸಲಾರರು, ಕತ್ತರಿಸಿ.

ಪ್ರಶ್ನೆ: ಸಿನಿಮಾ ಹಾಡು ಹತ್ತು ಸೆಕೆಂಡ್ ಬಳಸಿದರೆ ತೊಂದರೆ ಇಲ್ಲವಂತೆ, ಹೌದೇ? ಟೈಟಲ್‌ನಲ್ಲಿ ಕನ್ನಡ ಒತ್ತಕ್ಷರ ಒಡೆದು ಕಾಣುತ್ತವೆ. (ಸುರಪುರ)

ಉತ್ತರ: ಹತ್ತು ಸೆಕೆಂಡಿನ ರಿಯಾಯಿತಿ ಕಾನೂನಿನಲ್ಲಿ ಎಲ್ಲೂ ಇಲ್ಲ. ಯೂಟ್ಯೂಬ್ ತನ್ನಷ್ಟಕ್ಕೆ ಹಾಡನ್ನು ಗುರುತು ಹಿಡಿಯುತ್ತದೆ. ಊರಿನ ಹಲಗಿ ಮೇಳದವರಿಗೆ ಸಂಭಾವನೆ ಕೊಟ್ಟು, ಒಪ್ಪಿಗೆ ಬರೆಸಿಕೊಂಡು, ನಿಧಾನ, ನಡು, ಜೋರು ಎಂದು ಮೂರು ಗತಿಯಲ್ಲಿ ಎರಡೆರಡು ನಿಮಿಷ ಬಾರಿಸಿ ರೆಕಾರ್ಡ್ ಮಾಡಿಕೊಳ್ಳಿ. ಮ್ಯಾಚಿಗೆ ಇದಕ್ಕಿಂತ ಒಳ್ಳೆಯ ಸಂಗೀತ ಸಿಗದು. ಅಕ್ಷರಕ್ಕೆ: ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಾಯಿಸಿ. ಆಮೇಲೂ ಒಡೆದರೆ ಟೈಟಲನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಹಾಕಿ. ಸಬ್‌ಟೈಟಲ್ ಕಡತವನ್ನು ಯುಟಿಎಫ್-8ರಲ್ಲೇ ಉಳಿಸಿ.

ಪ್ರಶ್ನೆ: ಮುಗಿದ ಮೇಲೆ ಊರಾಗ ಪರದೆ ಕಟ್ಟಿ ತೋರಿಸ್ಬಹುದೇನ್ರಿ? (ಚಿತ್ತಾಪುರ)

ಉತ್ತರ: ನಟರು, ಅವರ ಮನೆಯವರು, ಗೆಳೆಯರು ಸೇರಿ ಮನೆಯಂಗಳದಲ್ಲಿ ನೋಡುವುದಕ್ಕೆ ಅಡ್ಡಿಯಿಲ್ಲ. ಸಾರ್ವಜನಿಕ ಪ್ರದರ್ಶನವಾದರೆ, ಟಿಕೆಟ್ ಇರಲಿ ಬಿಡಲಿ, 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಬಹುಮಾನದ ಟಗರನ್ನೋ ಎತ್ತನ್ನೋ ಸಿನಿಮಾದಲ್ಲಿ ಬಳಸಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಕಾಗದವನ್ನೂ ಕೇಳುತ್ತಾರೆ, ಆದ್ದರಿಂದ ಟಗರಿನ ಜಾಗಕ್ಕೆ ಸ್ಟೀಲಿನ ಕೊಡ ಇಡುವುದು ವಾಸಿ. ಅಂಗಳದಲ್ಲಿ ಪರದೆಗೆ ಸುಕ್ಕಿಲ್ಲದ ಬಿಳಿ ಪಂಚೆ ಬಟ್ಟೆ, ಹಿಂದೆ ಕಪ್ಪು ಕಂಬಳಿ, ಇಲ್ಲದಿದ್ದರೆ ಬೆಳಕು ಆಚೆ ಸೋರುತ್ತದೆ. ಸ್ಪೀಕರ್ ಪ್ರೊಜೆಕ್ಟರ್ ಹತ್ತಿರ ಬೇಡ, ಪರದೆಯ ಬುಡಕ್ಕಿಡಿ. ಸಿನಿಮಾವನ್ನು ಲ್ಯಾಪ್‌ಟಾಪ್ ಮತ್ತು ಪೆನ್‌ಡ್ರೈವ್ ಎರಡರಲ್ಲೂ ಇಟ್ಟುಕೊಂಡು, ಜನ ಬರುವ ಮುನ್ನ ಐದು ನಿಮಿಷ ಓಡಿಸಿ ನೋಡಿ.